ತಪ್ಪು ಕೊರಳಿಗೆ ಬಿದ್ದ ಓಕ್ ಹಾರ

ಸ್ಟೂಲ್ ಹತ್ತಿ ನಿಂತ ವೈವಾ ಓಕ್ ಎಲೆಯ ಹಾರವನ್ನು ಇನ್ನೇನು ಬಾಗಿಲ ಮೊಳೆಗೆ ಸಿಕ್ಕಿಸಬೇಕು, ಅಷ್ಟರಲ್ಲಿ ಬಾಗಿಲೇ ಒಳಕ್ಕೆ ಸರಿಯಿತು. ಹಾರ ಕೈಜಾರಿ ಎದುರಿಗೆ ನಿಂತವನ ಕೊರಳಿಗೆ ನೆಟ್ಟಗೆ ಬಿತ್ತು. ಅವನ ಅರ್ಧ ಕೆನ್ನೆಯ ಮೇಲೆ ಇನ್ನೂ ಶೇವಿಂಗ್ ಸೋಪಿನ ನೊರೆ ಇತ್ತು.

ಹಿಂದಿದ್ದ ಹೆಂಗಸರ ಹಾಡಿನ ತಂಡ ಹೋ ಎಂದು ಕೂಗಿತು.

"ಹಬ್ಬದ ಶುಭಾಶಯ, ಜೋನಾಸ್!" ವೈವಾ ಹೇಗೋ ನಗು ತಡೆದುಕೊಂಡಳು. "ಹಾರ ಬಿತ್ತು. ಇನ್ನು ಚೀಸ್, ಬಿಯರ್ ಕೊಡದೆ ನಿಮಗೆ ಬಿಡುಗಡೆ ಇಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಭುಜದಾಚೆ ಯಾರನ್ನೋ ನೋಡಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಒಳಗೆ ಹೋದವನು ಜೀರಿಗೆ ಹಾಕಿದ ಚೀಸಿನ ಇಡೀ ಉಂಡೆಯನ್ನೇ ತಂದು ಅವಳ ಕೈಗಿಟ್ಟ.

"ಬಿಯರ್ ಸಂಜೆಗೆ. ನೀವು ಬರ್ತೀರಿ ತಾನೆ?"

ಆ ಕಣ್ಣು ಕೇಳಿದ ರೀತಿಗೆ ವೈವಾ ಸ್ಟೂಲಿನಿಂದ ಇಳಿಯುವುದನ್ನೇ ಮರೆತಳು.

ಜೋನಾಸ್ ಎಂಬ ಹೆಸರಿನವರ ಬಾಗಿಲಿಗೆ ಓಕ್ ಹಾರ ಹಾಕಿ ಚೀಸ್, ಬಿಯರ್ ಕೇಳುವುದು ಆ ಊರಿನ ಬೇಸಿಗೆ ಹಬ್ಬದ ರೂಢಿ. ಅವಳನ್ನು ಅಲ್ಲಿಗೆ ಕಳಿಸಿದ್ದು ಅಜ್ಜಿ ಬಾರ್ಬೊರಾ. "ಗಿರಣಿ ಪಕ್ಕ, ತೀರಿಹೋದ ಜೋನಾಸನ ಮನೆಗೆ ಮೊಮ್ಮಗ ಬಂದಿದಾನೆ ಕಣೇ. ದೋಣಿ ಕಟ್ತಾನಂತೆ. ತಾತನ ಹೆಸರೇ ಇಟ್ಟಿದಾರೆ. ಹಬ್ಬದ ದಿನ ಜೋನಾಸನ ಬಾಗಿಲು ಬೋಳಾಗಿದ್ರೆ ಊರಿಗೇ ಅವಮಾನ" ಎಂದಿದ್ದಳು. ಪಟ್ಟಣದ ಶಾಲೆಯಲ್ಲಿ ಪಾಠ ಹೇಳುವ ವೈವಾ ಊರಿನ ಕಡೆ ಬರದೆ ವರ್ಷವೇ ಆಗಿತ್ತು. ಅಜ್ಜಿಯ ಮಾತನ್ನು ಅವಳು ನಂಬಿದಳು.

ಮಧ್ಯಾಹ್ನ ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ ಹುಡುಗಿಯರೆಲ್ಲ ಹೂವು, ಸೊಪ್ಪು ಕೊಯ್ಯುತ್ತಿದ್ದರು. ಬುಟ್ಟಿ ಹೊರುವ ನೆಪದಲ್ಲಿ ಅವನೂ ಬಂದಿದ್ದ.

"ಜೋನಾಸ್!" ಎಂದು ವೈವಾ ಕರೆದಳು. ಅವನು ತಿರುಗಲಿಲ್ಲ. ಮತ್ತೆ ಕರೆದಳು. ಆಮೇಲೆ ಬೆನ್ನಿಗೇ ಒಂದು ಹೂವು ಎಸೆದಳು.

"ಕಿವಿ ಮಂದಾನಾ ನಿಮ್ದು?"

"ಇಲ್ಲಪ್ಪ. ನೀವು ಕೂಗೋದು ಕೇಳೋಕೆ ಚೆನ್ನಾಗಿದೆ, ಅದಕ್ಕೇ ಸುಮ್ನಿದ್ದೆ."

"ಬುಟ್ಟಿಗೆ ಇದೇನು ತುಂಬಿದೀರಿ? ಇದು ಹಸು ತಿನ್ನೋ ಹುಲ್ಲು!"

"ಹಾಗಾದ್ರೆ ಯಾವುದು ಕೀಳ್ಬೇಕು ಅಂತ ತೋರಿಸಿ."

ಅವಳು ತೋರಿಸಿದಳು. ಒಂದೇ ದಂಟಿಗೆ ಇಬ್ಬರ ಬೆರಳೂ ಹೋದವು. ಯಾರೂ ಮೊದಲು ಕೈ ತೆಗೆಯಲಿಲ್ಲ. ಆಚೆ ಹುಡುಗಿಯರು ಬೇಕೆಂದೇ ಕೆಮ್ಮಿದಾಗ ವೈವಾಳ ಕಿವಿ ಕೆಂಪಾಯಿತು. ಎಷ್ಟೋ ದಿನಗಳ ಮೇಲೆ ಅವಳಿಗೆ ಸುಮ್ಮಸುಮ್ಮನೆ ಓಡಬೇಕು ಅನ್ನಿಸಿತು.

ಸಂಜೆ ಹೊಳೆ ದಂಡೆಯಲ್ಲಿ ಬೆಂಕಿ ಎದ್ದಿತು. ಸೂರ್ಯನಿಗೂ ಹಬ್ಬ ಬಿಟ್ಟು ಹೋಗುವ ಮನಸ್ಸಿರಲಿಲ್ಲ, ಕಾಡಿನ ಮೇಲೆ ಇನ್ನೂ ಕೂತೇ ಇದ್ದ. ಜೋಡಿಗಳು ಸಾಲುಗಟ್ಟಿದವು. ಕೈ ಹಿಡಿದು ಬೆಂಕಿ ದಾಟಿದವರು ಕೊನೆಯವರೆಗೂ ಜೊತೆಗಿರುತ್ತಾರೆ, ನಡುವೆ ಕೈ ಬಿಟ್ಟರೆ ಅಲ್ಲಿಗೆ ಮುಗಿಯಿತು ಎನ್ನುವುದು ಎಲ್ಲರಿಗೂ ಗೊತ್ತು.

ಕಳೆದ ವರ್ಷ ವೈವಾ ತಾನು ಮೆಚ್ಚಿದ್ದ ಎದ್ಗಾರಾಸನ ಜೊತೆ ಹಾರಿದ್ದಳು. ಕೈ ಬಿಟ್ಟಿತ್ತು. "ನೋಡಿದ್ಯಾ, ಬೆಂಕಿನೇ ಹೇಳಿಬಿಡ್ತು" ಎಂದು ನಗುತ್ತ ಹೋದವನು ತಿರುಗಿ ಬರಲಿಲ್ಲ. ಇಡೀ ಊರು ನೋಡುತ್ತ ನಿಂತಿತ್ತು. ಆಮೇಲೆ ಅವಳು ಈ ದಂಡೆಗೆ ಕಾಲಿಟ್ಟದ್ದು ಇವತ್ತೇ.

"ಹಾರೋಣ್ವಾ?" ಅವನು ಕೈ ಚಾಚಿದ.

ಹೆದರಿಕೆಯಾಯಿತು. ಆಸೆ ಅದಕ್ಕಿಂತ ಹೆಚ್ಚಿತ್ತು. ಅವಳು ಕೈ ಕೊಟ್ಟಳು. ಅವರ ಸರದಿ ಬಂದಾಗ ಇಬ್ಬರೂ ಓಡಿದರು. ಬೆಂಕಿಯ ಬಿಸಿ ಮುಖಕ್ಕೆ ತಾಗುವಷ್ಟರಲ್ಲಿ ಅವನು ಗಕ್ಕನೆ ನಿಂತುಬಿಟ್ಟ.

"ನಾನು ಜೋನಾಸ್ ಅಲ್ಲ."

"ಏನು?"

"ನನ್ನ ಹೆಸರು ಕಸ್ಪರಾಸ್. ಬೆಳಿಗ್ಗೆನೇ ಹೇಳ್ಬೇಕಿತ್ತು. ನಿಜ ಹೇಳಿದ್ರೆ ನೀವು ಹಾರ ತಗೊಂಡು ಹೊರಟುಹೋಗ್ತಿದ್ರಿ. ಆದ್ರೆ ಬೇರೆಯವರ ಹೆಸರಲ್ಲಿ ನಿಮ್ಮ ಕೈ ಹಿಡ್ಕೊಂಡು ಇದನ್ನ ದಾಟೋಕೆ ನನ್ನಿಂದ ಆಗಲ್ಲ."

ವೈವಾ ಸುತ್ತ ನೋಡಿದಳು. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಹಾಡಿನ ತಂಡದವರೆಲ್ಲ ನೆಲ ನೋಡುತ್ತಿದ್ದರು.

"ಅಜ್ಜೀ!"

"ಹೂಂ, ಬೆಳಿಗ್ಗೆ ಹಾಡಿನ ತಂಡದ ಜೊತೆ ನಿನ್ನ ಹಿಂದೆ ನಿಂತು ನಾನೇ ಬಾಯಿ ಮೇಲೆ ಬೆರಳಿಟ್ಟು ಅವನನ್ನ ಸುಮ್ಮನಿರಿಸಿದ್ದು" ಎಂದಳು ಬಾರ್ಬೊರಾ, ಒಂದಿಷ್ಟೂ ನಾಚದೆ. "ಹೊಸ ಹುಡುಗ ಬಂದಿದಾನೆ, ಮಾತಾಡಿಸಿ ಬಾ ಅಂದಿದ್ರೆ ಹೋಗ್ತಿದ್ಯೇನೇ ನೀನು?"

ಸಿಟ್ಟು ಬಂತು, ಅಳುವೂ ಬಂತು. ಆದರೆ ಊರೆಲ್ಲ ಮುಚ್ಚಿಟ್ಟಿದ್ದನ್ನು ಬಾಯಿ ಬಿಟ್ಟು ಹೇಳಿದವನು ಇವನೊಬ್ಬನೇ. ವೈವಾ ಅವನ ಕೈ ಹಿಡಿದು ದರದರನೆ ಹಿಂದಕ್ಕೆ ಎಳೆದುಕೊಂಡು ಬಂದಳು.

"ಓಡು, ಕಸ್ಪರಾಸ್!"

ಓಡಿದರು, ಹಾರಿದರು. ಬೆಂಕಿಯ ನಟ್ಟನಡುವೆ ಅವನ ಬೆರಳು ಅವಳ ಬೆರಳಿನಿಂದ ಜಾರಿತು.

ಅವಳು ಎಡಕ್ಕೆ ಬಿದ್ದಿದ್ದಳು, ಅವನು ಬಲಕ್ಕೆ. ವೈವಾ ತಲೆ ಎತ್ತಲಿಲ್ಲ. ಹೋದ ವರ್ಷದ ಆ ನಗು ಈಗ ಬರುತ್ತದೆ ಎಂದು ಹಲ್ಲು ಕಚ್ಚಿ ಕಾದಳು.

ಬಂದದ್ದು ಅವನ ಹೆಜ್ಜೆ ಸಪ್ಪಳ.

"ನಾನೇ ಅವಸರ ಮಾಡಿ ಮುಂಚೆ ಹಾರಿಬಿಟ್ಟೆ. ಏಳು, ಮತ್ತೆ ಸಾಲಿಗೆ ಹೋಗೋಣ."

"ಬೆಂಕಿ ಹೇಳಾಯ್ತಲ್ಲ."

"ಬೆಂಕಿ ಅದರ ಮಾತು ಹೇಳ್ತು. ನನ್ನ ಮಾತು ಇನ್ನೂ ಬಾಕಿ ಇದೆ. ನೀನಂದ್ರೆ ನಂಗಿಷ್ಟ. ಕೈ ಬಿಟ್ಟುಹೋದ್ರೆ ಮತ್ತೆ ಹಿಡೀತೀನಿ."

ಅವರು ಸಾಲಿನ ಕೊನೆಗೆ ಹೋಗಿ ನಿಂತರು. "ಏಯ್, ಎರಡನೇ ಸಲ ಹಾರೋ ಹಾಗಿಲ್ಲ!" ಎಂದು ಯಾರೋ ಕೂಗಿದರು.

"ಯಾವನೋ ಅವನು ಹೇಳಿದ್ದು?" ಬಾರ್ಬೊರಾ ಬಿಯರ್ ಮಗ್ ಎತ್ತಿ ಗದರಿದಳು. "ಇವಳ ತಾತನ ಜೊತೆ ನಾನು ನಾಲ್ಕು ಸಲ ಹಾರಿದೀನಿ! ಕೈ ಜಾರದೆ ದಾಟಿದ್ದು ನಾಲ್ಕನೇ ಸಲವೇ!"

ದಂಡೆಯೆಲ್ಲ ನಗುವಿನಲ್ಲಿ ಮುಳುಗಿತು. ವೈವಾ ನಗುತ್ತ, ಅಳುತ್ತ, ಅವನ ಬೆರಳು ಬಿಟ್ಟು ಮಣಿಕಟ್ಟನ್ನೇ ಬಿಗಿಯಾಗಿ ಹಿಡಿದಳು.

"ಈ ಸಲ ನಾನು ಹಿಡ್ಕೋತೀನಿ" ಎಂದಳು. ಮುಂದಿದ್ದ ಜೋಡಿಗಳು ದಾಟುವವರೆಗೂ ಕಾಯದೆ ಅವನನ್ನು ಎಳೆದುಕೊಂಡು ಓಡಿದಳು.