ಸಾವಿನ ಮನೆಗೆ ಎರಡನೇ ಫೋನು

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ಟೈಲರಿಂಗ್ ಕೆಲಸದವಳು, ಅಂಗಿಯ ತೋಳಿಗೆ ಚುಚ್ಚಿಕೊಂಡ ಸೂಜಿ ಹಾಗೇ ಇತ್ತು. ಮೊಬೈಲನ್ನು ಇನ್‌ಸ್ಪೆಕ್ಟರ್ ಮುಂದಿಟ್ಟಳು.

"ಓದಿ ಮೇಡಂ."

'ನೀವು ಚೇತರಿಸಿಕೊಳ್ಳುತ್ತಿರುವುದು ತಿಳಿದು ಸಂತೋಷವಾಯಿತು. ನಿಮ್ಮ ಮಾಹಿತಿ ಇನ್ನೊಬ್ಬ ರೋಗಿಗೆ ದಾರಿ ತೋರಿಸುತ್ತದೆ.' ಕೆಳಗೆ ಆರೋಗ್ಯ ಸಂಶೋಧನಾ ಕೇಂದ್ರವೊಂದರ ಹೆಸರಿತ್ತು.

"ಒಳ್ಳೇ ಸುದ್ದೀನೇ ಅಲ್ವಾ?" ಎಂದ ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್. ಬಾಯಿ ಸುಮ್ಮನಿರದ ಅವನನ್ನು ಠಾಣೆಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

"ಇದು ನಮ್ಮಮ್ಮನ ಫೋನು. ಅಮ್ಮ ತೀರಿಕೊಂಡು ಮೂರು ತಿಂಗಳಾಯ್ತು."

ರೇಡಿಯೋ ಆಫ್ ಆಯಿತು.

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ನಿವೃತ್ತಿ ಹತ್ತಿರ ಬಂದಿತ್ತು. ಸತ್ತವರ ಹೆಸರಿನಲ್ಲಿ ನಡೆಯುವ ಮೋಸಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. "ಅಮ್ಮನ ಹೆಸರಲ್ಲಿ ಯಾರಾದ್ರೂ ದುಡ್ಡು ಎತ್ತಿದ್ದಾರಾ?"

"ದುಡ್ಡಿನ ಮಾತಲ್ಲ ಮೇಡಂ. ಅಮ್ಮನಿಗಿದ್ದ ಹೃದಯದ ಕಾಯಿಲೆಯೇ ಈಗ ನಮ್ಮ ಚಿಕ್ಕಮ್ಮನಿಗೂ ಬಂದಿದೆ. ಆಪರೇಷನ್ ಮಾಡಿಸೋದಾ, ಮಾತ್ರೆ ತಗೊಂಡು ಕಾಯೋದಾ ಅಂತ ಕೇಳಿದ್ರೆ ಡಾಕ್ಟ್ರು ಇದೇ ಕೇಂದ್ರದ ವೆಬ್ ಪುಟ ತೆಗೆದು ತೋರಿಸಿದ್ರು. ಕಾದೋರೂ ಚೆನ್ನಾಗೇ ಇದ್ದಾರೆ, ನಾವೂ ಕಾಯೋಣ ಅಂದ್ರು." ಅವಳು ಮೊಬೈಲಿನ ಮೇಲೆ ಬೆರಳಿಟ್ಟಳು. "ನಮ್ಮಮ್ಮನೂ ಕಾದವಳೇ. ಆ ಚೆನ್ನಾಗಿರೋರಲ್ಲಿ ಅವಳೂ ಒಬ್ಬಳಾದ್ರೆ?"

"ಅಮ್ಮ ತೀರಿಕೊಂಡಿದ್ದು ಕೇಂದ್ರದೋರಿಗೆ ಗೊತ್ತಿಲ್ಲವೇನೋ?"

"ಗೊತ್ತು. ಮೊದಲು ಒಬ್ಬ ಹುಡುಗಿ ಫೋನ್ ಮಾಡಿದ್ಲು. ಆಮೇಲೆ ಒಬ್ಬ ವಯಸ್ಸಾದವರು. ತುಂಬಾ ಒಳ್ಳೆಯವರು ಮೇಡಂ. ನಾನು ಅಳೋದು ನಿಲ್ಲಿಸೋವರೆಗೂ ಫೋನ್ ಇಡಲಿಲ್ಲ."

ದೂರು ಬರೆಸಿಕೊಂಡು, ಸುಳ್ಳು ದಾಖಲೆ ಸೃಷ್ಟಿಯ ಆರೋಪದಡಿ ಎಫ್‌ಐಆರ್ ದಾಖಲಿಸಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆಯುವಾಗ ಇನ್‌ಸ್ಪೆಕ್ಟರ್‌ಗೆ ಆ ಒಳ್ಳೆಯ ಮುದುಕನ ವಿಷಯ ಮನಸ್ಸಿನಿಂದ ಹೋಗಲಿಲ್ಲ.

ಕೇಂದ್ರವಿದ್ದದ್ದು ಆಸ್ಪತ್ರೆಯೊಂದರ ಹಿಂಬದಿ ಕಟ್ಟಡದಲ್ಲಿ. ಲಿಫ್ಟು ಕೆಟ್ಟಿತ್ತು. ರೇಡಿಯೋ ಜೊತೆ ಮೂರನೇ ಮಹಡಿ ಹತ್ತುವಷ್ಟರಲ್ಲಿ ಇನ್‌ಸ್ಪೆಕ್ಟರರ ಮಂಡಿಗಳು ಗೊಣಗತೊಡಗಿದವು. ಮುಖ್ಯಸ್ಥೆಯಾದ ಡಾಕ್ಟರು ವಿಷಯ ಕೇಳಿ ಬಿಳಿಚಿಕೊಂಡರು.

"ಮೊದಲೆಲ್ಲ ಇಂಥ ಸಂಶೋಧನೆಯ ಫಲ ಕೈಗೆ ಬರೋಕೆ ವರ್ಷಗಟ್ಟಲೆ ಕಾಯಬೇಕಿತ್ತು. ಬಂದರೂ ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಸೇರಿಕೊಂಡು ಸಣ್ಣ ಊರಿನ ಡಾಕ್ಟರಿಗೆ ಸಿಗ್ತಿರಲಿಲ್ಲ. ಅದಕ್ಕೇ ನಾವು ಹಲವು ಆಸ್ಪತ್ರೆಗಳನ್ನು ಸೇರಿಸಿ ಇದನ್ನು ಕಟ್ಟಿದ್ವಿ. ರೋಗಿಗಳು ಹೇಗಿದ್ದಾರೆ ಅಂತ ವಿಚಾರಿಸ್ತಾ ಇರ್ತೀವಿ. ಲೆಕ್ಕ ಬದಲಾದ ಹಾಗೆ ಪುಟವೂ ಬದಲಾಗುತ್ತೆ. ಯಾರು ಬೇಕಾದರೂ ನೋಡಬಹುದು."

"ವಿಚಾರಿಸೋರು ಯಾರು?"

"ರೋಗಿಗಳ ಮನೆಯವರೇ. ಸ್ವಂತ ಖುಷಿಯಿಂದ ಬರ್ತಾರೆ. ನೋವು ಕಂಡವರು ಕೇಳಿದ್ರೆ ಜನ ಬಾಯಿ ಬಿಡ್ತಾರೆ."

"ಈ ಸಂತೋಷದ ಸಂದೇಶ?"

"ಹೋದ ವಾರ ಶುರು ಮಾಡಿದ್ದು. ಚೆನ್ನಾಗಿದ್ದಾರೆ ಅಂತ ದಾಖಲಾದವರಿಗೆಲ್ಲ ತಾನಾಗಿ ಹೋಗುತ್ತೆ."

ಫೋನು ಮಾಡುವವರ ಕೋಣೆಯಲ್ಲಿ ನಾಲ್ಕು ಮೇಜುಗಳಿದ್ದವು. ಮೂಲೆಯಲ್ಲಿ ನರೆತ ಮನುಷ್ಯನೊಬ್ಬ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, "ಹೇಳಮ್ಮ, ನಾನು ಕೇಳ್ತಾ ಇದ್ದೀನಿ. ನಿಧಾನಕ್ಕೆ ಹೇಳು," ಎನ್ನುತ್ತಿದ್ದ. ಇನ್‌ಸ್ಪೆಕ್ಟರ್ ಏದುಸಿರು ಬಿಡುವುದನ್ನು ಕಂಡು, ಮಾತು ನಿಲ್ಲಿಸದೆಯೇ ಕಾಲಿನಿಂದ ಖಾಲಿ ಕುರ್ಚಿಯೊಂದನ್ನು ಅವರ ಕಡೆ ಸರಿಸಿದ.

ಬಾಗಿಲ ಬಳಿಯ ಹುಡುಗಿ, ನರ್ಸಿಂಗ್ ಓದುತ್ತಿದ್ದವಳು, ತಾನೇ ಮೊದಲ ಫೋನು ಮಾಡಿದ್ದಾಗಿ ಒಪ್ಪಿಕೊಂಡಳು. ಇನ್‌ಸ್ಪೆಕ್ಟರ್ ಅವಳನ್ನು ಹೊರಗೆ ಕಾರಿಡಾರಿಗೆ ಕರೆದರು.

"ತೀರಿಕೊಂಡರು ಅಂತ ಗೊತ್ತಾದ ಮೇಲೂ ಯಾಕೆ ಬರೀಲಿಲ್ಲ?"

"ಒಂದೊಂದು ಮನೆಗೂ ನಮ್ಮಲ್ಲಿ ಇಬ್ಬರು ಬೇರೆ ಬೇರೆ ಫೋನ್ ಮಾಡಿ, ಬೇರೆ ಬೇರೆ ಬರೀಬೇಕು ಮೇಡಂ. ಇಬ್ಬರದ್ದೂ ತಾಳೆಯಾದ್ರೇನೇ ಲೆಕ್ಕಕ್ಕೆ ಹೋಗೋದು. ಆದ್ರೆ ಸಾವಿನ ಮನೆಗೆ ಎರಡೆರಡು ಸಲ ಫೋನ್ ಮಾಡಿ ಅಳಿಸೋಕೆ ಯಾರಿಗೆ ಮನಸ್ಸು ಬರುತ್ತೆ? ಒಂದಿನ ನಾನೇ ಅತ್ತುಬಿಟ್ಟಿದ್ದೆ. ಆವಾಗ ಮೂಲೇಲಿರೋ ಪೋಸ್ಟ್‌ಮಾಸ್ಟರು, ಸಾವಿನ ಮನೆಗಳನ್ನ ನನಗೆ ಬಿಡಿ ಮಕ್ಕಳಾ, ಎರಡೂ ಕಡೆ ನಾನೇ ತುಂಬ್ತೀನಿ ಅಂದ್ರು."

"ಡಾಕ್ಟ್ರಿಗೆ ಗೊತ್ತಾ?"

"ಇಲ್ಲ. ನಮ್ಮ ನಮ್ಮಲ್ಲೇ." ಹುಡುಗಿ ಗಾಬರಿಯಾದಳು. "ಅವರು ಏನೂ ಮಾಡಿರಲ್ಲ ಮೇಡಂ. ದೇವರಂಥೋರು."

ಮೂಲೆಯ ಮೇಜಿನ ಆ ಮನುಷ್ಯ ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು.

"ಈಗಲೇ ಎತ್ತಾಕೊಂಡು ಹೋಗೋಣ್ವಾ ಮೇಡಂ?" ಎಂದು ರೇಡಿಯೋ ಮೆಟ್ಟಿಲಿಳಿಯುತ್ತ ಪಿಸುಗುಟ್ಟಿದ.

"ಒಂದು ತಪ್ಪು ಕೈತಪ್ಪಿನಿಂದಲೂ ಆಗುತ್ತೆ ಕಣಪ್ಪ. ಮನೆಗಳನ್ನ ನೋಡೋಣ ನಡಿ."

ಡಾಕ್ಟರು ವಿಳಾಸ ಕೊಟ್ಟರು. ಆಪರೇಷನ್ ಬಿಟ್ಟು ಕಾದವರು, ಚೆನ್ನಾಗಿದ್ದಾರೆಂದು ದಾಖಲಾದವರು. ಎರಡು ದಿನ ಸುತ್ತಿದರು. ಬೇಕರಿಯವನ ಮನೆಯಲ್ಲಿ ಅಪ್ಪನ ಫೋಟೋ ಗೋಡೆ ಸೇರಿತ್ತು. ಬಸ್ ಡ್ರೈವರನ ಹೆಂಡತಿ ಬಾಗಿಲಲ್ಲೇ ನಿಂತು, "ಅವರಿಲ್ಲ," ಎಂದಷ್ಟೇ ಹೇಳಿದಳು. ಕೆಲಸಕ್ಕೆ ಹೋಗಿರಬೇಕೆಂದುಕೊಂಡ ರೇಡಿಯೋ, "ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡ. ನಿಜಕ್ಕೂ ಬದುಕಿದ್ದವರೂ ಇದ್ದರು, ಚಹಾ ಕೊಟ್ಟರು. ಸತ್ತವರ ಮನೆಗಳಲ್ಲಿ ಮಾತ್ರ ಒಂದೇ ಮಾತು: "ಒಬ್ರು ಫೋನ್ ಮಾಡಿದ್ರು. ಅಷ್ಟು ತಾಳ್ಮೆಯಿಂದ ನಮ್ಮೋರೂ ಕೇಳಿರಲಿಲ್ಲ."

ಬುಧವಾರ ಸಂಜೆ ರೇಡಿಯೋ ಜೀಪು ಹತ್ತಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ, "ಕಳ್ಳರನ್ನ ಹಿಡಿಯೋದೇ ವಾಸಿ ಮೇಡಂ," ಎಂದ.

ಗುರುವಾರ ಪಂಚರ ಸಮಕ್ಷಮ ಪಂಚನಾಮೆ ನಡೆಸಿ ಮೂಲೆಯ ಮೇಜಿನ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಪೋಸ್ಟ್‌ಮಾಸ್ಟರು ಎದ್ದು ನಿಂತಿದ್ದರು. ಎಲ್ಲಿಗೋ ಹೊರಡಲು ಬಹಳ ಹೊತ್ತಿನಿಂದ ತಯಾರಾಗಿದ್ದವರ ಹಾಗೆ.

"ನೀವೇನಾ ಬರೆದಿದ್ದು?"

"ನಾನೇ."

"ಯಾರಾದ್ರೂ ಹೇಳಿ ಬರೆಸಿದ್ರಾ? ಔಷಧಿ ಕಂಪನಿಯೋರು?"

"ಇಲ್ಲಮ್ಮ. ನನ್ನ ಹೆಂಡತಿಗೂ ಇದೇ ಕಾಯಿಲೆ ಇತ್ತು. ಅವಳು ಆಪರೇಷನ್ ಆಗ್ಲಿ ಅಂದ್ಲು. ನಾನು ಹೆದರುಪುಕ್ಕಲ. ಕೊಯ್ಯೋದು ಬೇಡ, ಕಾಯೋಣ ಅಂದೆ. ನನ್ನ ಮಾತಿಗೆ ಇಲ್ಲ ಅಂದವಳೇ ಅಲ್ಲ." ಅವರು ಮೇಜಿನ ಅಂಚು ಹಿಡಿದುಕೊಂಡರು. "ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತಲೇ ಇಲ್ಲಿಗೆ ಬಂದೆ. ಬರ್ತಾ ಬರ್ತಾ ಪುಟದ ಗ್ರಾಫಲ್ಲಿ ಕಾದೋರ ಗೆರೆ ಕೆಳಗಿಳಿಯೋಕೆ ಶುರುವಾಯ್ತು. ದಿನಾ ಬೆಳಗ್ಗೆ ತೆಗೆದರೆ, ನೀನೇ ಕೊಂದೆ ಅನ್ನೋ ಹಾಗೆ ಕಾಣೋದು. ಒಬ್ಬರನ್ನ ಬದುಕಿಸಿದೆ. ಆಮೇಲೆ ನಿಲ್ಲಿಸೋಕಾಗಲಿಲ್ಲ."

"ಆ ಪುಟ ನಂಬಿಕೊಂಡು ಒಬ್ಬರು ಇವತ್ತೂ ಕಾಯ್ತಾ ಇದ್ದಾರೆ. ನಮಗೆ ದೂರು ಕೊಟ್ಟವಳ ಚಿಕ್ಕಮ್ಮ."

ಪೋಸ್ಟ್‌ಮಾಸ್ಟರು ಕೈ ಮುಗಿದರು. "ಮೊದಲು ಸರಿಮಾಡಿಸಿ ತಾಯಿ. ನಾನು ಹೇಳ್ತೀನಿ. ಡಾಕ್ಟ್ರನ್ನ ಕರೀರಿ."

ಒಯ್ಯುವ ಮೊದಲು ಇನ್‌ಸ್ಪೆಕ್ಟರ್ ಅವರಿಗೆ ಅಷ್ಟು ಸಮಯ ಕೊಟ್ಟರು. ಪೋಸ್ಟ್‌ಮಾಸ್ಟರು ಯಾವ ಕಾಗದವನ್ನೂ ನೋಡಲಿಲ್ಲ. ಬೇಕರಿಯವನ ಅಪ್ಪ, ಕೊನೆಯ ದಿನವೂ ಒಲೆ ಹಚ್ಚಿದವನು. ಡ್ರೈವರು, ಮಗಳಿಗೆ ಸೈಕಲ್ ಕಲಿಸುತ್ತಿದ್ದವನು. ಟೈಲರಮ್ಮನ ತಾಯಿ. ಒಬ್ಬೊಬ್ಬರಾಗಿ ಹೇಳುತ್ತ ಹೋದರು. ಡಾಕ್ಟರು ಟೈಪ್ ಮಾಡುತ್ತ ಹೋದರು. ನರ್ಸಿಂಗ್ ಹುಡುಗಿ ಮುಖ ತಿರುಗಿಸಿ ನಿಂತಿದ್ದಳು. ರೇಡಿಯೋ ಒಂದು ಲೋಟ ನೀರು ತಂದು ಮುದುಕರ ಮುಂದಿಟ್ಟ. ಪ್ರತಿಯೊಂದು ಮನೆಗೂ ಮತ್ತೆ ವಿಚಾರಿಸಿಯೇ ಲೆಕ್ಕಕ್ಕೆ ಸೇರಿಸುವುದೆಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಪುಟವನ್ನು ನಂಬಬೇಡಿ ಎಂದು ಎಲ್ಲ ಆಸ್ಪತ್ರೆಗಳಿಗೂ ಆಗಲೇ ತಿಳಿಸಿದರು. ಚಿಕ್ಕಮ್ಮನ ಡಾಕ್ಟರಿಗೆ ತಾವೇ ಫೋನು ಮಾಡಿದರು.

ಸಂಜೆ ನಾಲ್ಕೂವರೆಗೆ ಬಂಧನವನ್ನು ದಾಖಲಿಸಲಾಯಿತು. ಕೈಗೆ ಬೇಡಿ ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ಇನ್‌ಸ್ಪೆಕ್ಟರ್ ಕಂಬಿ ಹಿಡಿದು ನಿಂತರು. ಮಂಡಿ ನೋವು. ಪೋಸ್ಟ್‌ಮಾಸ್ಟರೂ ನಿಂತರು.

"ಒಂದು ಕೇಳಲಾ? ದಾಖಲೆಯಲ್ಲಿ ನಿಮ್ಮ ಹೆಂಡತಿಯ ಹೆಸರಿನ ಮುಂದೆ ಮಾತ್ರ ನಿಜ ಇದೆ. ತೀರಿಕೊಂಡಿದ್ದಾರೆ ಅಂತಲೇ ಇದೆ. ಅದನ್ನ ಯಾಕೆ ಬದಲಾಯಿಸಲಿಲ್ಲ?"

ಪೋಸ್ಟ್‌ಮಾಸ್ಟರು ಕೆಳಗಿನ ಮೆಟ್ಟಿಲುಗಳನ್ನು ನೋಡಿದರು.

"ಅವಳ ವಿಷಯದಲ್ಲಿ ಕಾಯೋಣ ಅಂತ ನಾನು ಒಂದು ಸಲ ಹೇಳಿದ್ದೇ ಸಾಕು ಅನ್ನಿಸಿತು," ಎಂದರು.