ಮೆಟ್ಟಿಲ ಮೇಲಿನ ಕೈ

“ಕೈ ಚಾಚೇ ಅಕ್ಕ! ಪಾಪು ಕಚ್ಚಲ್ಲ, ಅದಕ್ಕೆ ಹಲ್ಲೇ ಇಲ್ಲ,” ಎಂದಳು ಪಟಾಕಿ.

ಮಾತು ಪಟಪಟ ಸಿಡಿಯುತ್ತಿದ್ದರಿಂದ ಮನೆಯಲ್ಲಿ ಅವಳಿಗೆ ಅದೇ ಹೆಸರು.

ಚಿಕ್ಕಮ್ಮ ನಗುತ್ತಾ ಟವೆಲ್‌ನಲ್ಲಿ ಸುತ್ತಿದ ಪಾಪುವನ್ನು ಮುಂದಕ್ಕೆ ಹಿಡಿದಳು. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ನಾನು ಬೇಡ ಚಿಕ್ಕಮ್ಮ. ನನ್ನ ಕೈ ನಂಬಬೇಡಿ. ಚಿಕ್ಕವಳಿದ್ದಾಗ ಇವಳನ್ನ ಮೆಟ್ಟಿಲಿಂದ ತಳ್ಳಿಬಿಟ್ಟಿದ್ದೆನಲ್ಲ.”

ಅಷ್ಟು ಹೇಳಿ ಅಕ್ಕ ಹೊರಗೆ ಹೋಗಿಬಿಟ್ಟಳು.

ಪಟಾಕಿಯ ಗಲ್ಲದ ಕೆಳಗೆ ಅಕ್ಕಿಕಾಳಿನಷ್ಟು ಒಂದು ಗುರುತಿತ್ತು. ಜಗಳವಾದಾಗಲೆಲ್ಲ ಅವಳು ಗಲ್ಲ ಎತ್ತಿ ಅದನ್ನು ತೋರಿಸುತ್ತಿದ್ದಳು. ಅಷ್ಟೇ ಸಾಕು, ಟೀವಿ ರಿಮೋಟ್ ಅವಳ ಕೈಗೆ ಬರುತ್ತಿತ್ತು, ಬಸ್ಸಿನ ಕಿಟಕಿ ಸೀಟೂ ಅವಳಿಗೇ. ಅದು ಅವಳ ಬ್ರಹ್ಮಾಸ್ತ್ರ. ಅಸ್ತ್ರ ತಗಲಿದವರಿಗೆ ನೋಯುತ್ತದೆ ಎಂದು ಅವಳಿಗೆ ಇವತ್ತಿನವರೆಗೆ ಹೊಳೆದೇ ಇರಲಿಲ್ಲ.

“ತಳ್ಳಿದ್ದಾ?” ಚಿಕ್ಕಮ್ಮ ಹುಬ್ಬು ಗಂಟಿಕ್ಕಿದಳು. “ಹಾಗಂತ ಯಾರು ಹೇಳಿದ್ದು? ಆವತ್ತು ಮನೇಲಿ ಇದ್ದದ್ದೇ ನಾನು. ನೀನು ಅಪ್ಪನ ಶೂ ಹಾಕ್ಕೊಂಡು ಟಕ್ ಟಕ್ ಅಂತ ಇಳೀತಿದ್ದೆ. ಶೂ ಜಾರಿತು, ನೀನೂ ಉರುಳಿದೆ. ಅಕ್ಕ ಅಂಗಳದಲ್ಲಿ ನಲ್ಲಿ ಹತ್ತಿರ ಆಡ್ತಿದ್ದಳು. ನಿನ್ನ ಅಳು ಕೇಳಿ ಒದ್ದೆ ಕಾಲಲ್ಲೇ ಓಡಿಬಂದಳು.”

“ಸುಳ್ಳು! ನಂಗೆ ಚೆನ್ನಾಗಿ ನೆನಪಿದೆ.”

“ಮೂರು ವರ್ಷದ ಮಗುಗೆ ಅದೆಂಥ ನೆನಪೇ? ನಿಮ್ಮಪ್ಪ ಬಂದವರೇ ನಿನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು, ಹೇಗಾಯ್ತು ಅಂತ ನನ್ನ ಯಾರೂ ಕೇಳಲೇ ಇಲ್ಲ. ಮಾರನೇ ದಿನ ನಾನು ಕೆಲಸಕ್ಕೆ ಅಂತ ಊರು ಬಿಟ್ಟೆ. ಈ ಕತೆ ಇವತ್ತೇ ಕೇಳ್ತಿರೋದು.”

ಪಟಾಕಿ ಕಣ್ಣು ಮುಚ್ಚಿದಳು. ಚಿತ್ರ ಎಂದಿನಂತೆ ತೇಲಿ ಬಂತು. ಮಧ್ಯಾಹ್ನದ ಬೆಳಕು. ಬೆಳಕಿನಲ್ಲಿ ಈಜುವ ಧೂಳು. ಮೆಟ್ಟಿಲ ಮೇಲೆ ನೀಲಿ ಫ್ರಾಕಿನ ಪುಟ್ಟ ಹುಡುಗಿ, ಬೆನ್ನ ಮೇಲೆ ಚಿಟ್ಟೆಯಂಥ ಬಿಳಿ ರಿಬ್ಬನ್ ಬೋ. ನೀರೊಳಗಿಂದ ಬಂದಂತೆ ಮೆಲ್ಲಗೆ, ಮೆಲ್ಲಗೆ ಬರುವ ಅಕ್ಕನ ಕೈ.

ಥಟ್ಟನೆ ಕಣ್ಣು ತೆರೆದಳು. ಬೋ ಇದ್ದದ್ದು ಬೆನ್ನ ಮೇಲೆ. ತನ್ನ ಬೆನ್ನನ್ನು ತಾನು ನೋಡಿದ್ದು ಹೇಗೆ?

ಪಕ್ಕದ ಕೋಣೆಯಲ್ಲಿ ಅಪ್ಪ ಯಾರದೋ ಟೇಬಲ್ ಫ್ಯಾನ್ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಬಿಚ್ಚಿದ ರೆಕ್ಕೆ ಚಾಪೆಯ ಮೇಲೆ ನಿದ್ದೆ ಹೋದಂತೆ ಬಿದ್ದಿತ್ತು.

“ಅಪ್ಪಾ, ಅಕ್ಕ ನನ್ನ ತಳ್ಳಿದಳು ಅಂತ ಯಾರು ಹೇಳಿದ್ದು?”

“ನೀನೇ,” ಎಂದ ಅಪ್ಪ. “ಹೊಲಿಗೆ ಹಾಕೋವಾಗ ಡಾಕ್ಟರ್ ಕೇಳಿದ್ರು, ಯಾರಾದ್ರೂ ತಳ್ಳಿದ್ರಾ ಅಂತ. ನೀನು ಹೂಂ ಅಂದೆ. ಅಕ್ಕಾನಾ ಅಂತ ನಾನು ಕೇಳಿದೆ. ಅದಕ್ಕೂ ಹೂಂ. ಆಗ ನೀನು ಎಲ್ಲದಕ್ಕೂ ಹೂಂ ಅಂತಿದ್ದೆ. ಆನೆ ತಳ್ತಾ ಅಂದಿದ್ರೂ...”

ಮಾತು ಅಲ್ಲಿಗೇ ನಿಂತಿತು. ಅಪ್ಪನ ಕೈಯ ಸ್ಕ್ರೂಡ್ರೈವರ್ ಕೂಡ ನಿಂತಿತು.

“ಅಕ್ಕ ಒಪ್ಪಿಕೊಂಡಳಾ?”

“ಮೊದಮೊದಲು ಇಲ್ಲ ಇಲ್ಲ ಅಂತ ಅಳ್ತಿದ್ಳು. ನಾವು ಕೇಳ್ತಾನೇ ಇದ್ವಿ. ಒಂದಿನ ಹೌದು ಅಂದ್ಳು.” ಅಪ್ಪ ಫ್ಯಾನಿನ ರೆಕ್ಕೆಯನ್ನು ಸುಮ್ಮನೆ ತಿರುಗಿಸಿದ. “ನಿಜ ಹೇಳಿದಳು ಅಂದ್ಕೊಂಡಿದ್ದೆ.”

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಪಟಾಕಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಶೂ, ನಲ್ಲಿ, ಒದ್ದೆ ಕಾಲು, ಡಾಕ್ಟರ್, ಆನೆ.

ಅಕ್ಕ ತನ್ನ ಅಂಗೈ ನೋಡಿಕೊಂಡಳು.

“ಆದ್ರೆ ನಂಗೆ ನೆನಪಿದೆ ಕಣೇ. ನಿನ್ನ ಬೆನ್ನು ಇಲ್ಲಿ ಬೆಚ್ಚಗೆ ತಗಲಿದ್ದು.”

“ನಂಗೂ ನೆನಪಿದೆ.”

“ಮತ್ತೆ?”

“ಮತ್ತೆ... ನೀನು ಅಲ್ಲಿ ಇರಲೇ ಇಲ್ಲ ಅಕ್ಕ.”

ಇಬ್ಬರೂ ಕೆಳಗಿನ ಮೆಟ್ಟಿಲುಗಳನ್ನು ನೋಡುತ್ತಾ ಕೂತರು. ಪಟಾಕಿ ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅದು ತಣ್ಣಗಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚಿಕ್ಕಮ್ಮ ಬಂದು ಬಗ್ಗಿ, ಪಾಪುವನ್ನು ಅಕ್ಕನ ತೋಳಿನಲ್ಲಿ ಇಟ್ಟಳು. ಅಕ್ಕ ಉಸಿರು ಬಿಗಿಹಿಡಿದಳು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು. ಪಾಪು ಒಮ್ಮೆ ಆಕಳಿಸಿ, ಅವಳ ಎದೆಗೆ ಮುಖ ಒತ್ತಿ ಮಲಗಿಬಿಟ್ಟಿತು.

“ಭಾರ ಇದೆ,” ಎಂದು ಅಕ್ಕ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು.

ಪಟಾಕಿ ಒಮ್ಮೆ ಕಣ್ಣು ಮುಚ್ಚಿದಳು. ಆ ಹಳೆಯ ಚಿತ್ರ ಹಾಗೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಬೇಗ ಕಣ್ಣು ಬಿಟ್ಟಳು.

ಅಕ್ಕನ ಎಡಗೈ ಪಾಪುವಿನ ಕತ್ತಿನ ಕೆಳಗಿತ್ತು. ಹೆಬ್ಬೆರಳಿಗೆ ಪೆನ್ನಿನ ಶಾಯಿ ಅಂಟಿತ್ತು. ಪಾಪುವಿನ ಒಂದು ಕಿವಿ ಮಡಚಿಕೊಂಡು ಕೆಂಪಗಾಗಿತ್ತು. ಈ ಸಲ ಒಂದನ್ನೂ ತಪ್ಪಾಗಿ ನೆನಪಿಡಬಾರದು ಎಂಬಂತೆ ಪಟಾಕಿ ರೆಪ್ಪೆ ಬಡಿಯದೆ ನೋಡುತ್ತಾ ಕೂತಳು.