ದುಹಾಳ ಮರ ನಿಂತಿದ್ದ ಜಾಗ

“ಚಿಕ್ಕಪ್ಪಾ, ಸುಣ್ಣದ ಗೆರೆ ನನ್ನ ಮರದ ಮೇಲೇ ಹೋಗ್ತಿದೆ!”

ದುಹಾ ಓಡಿಬಂದು ಮೈಥಂ ಚಿಕ್ಕಪ್ಪನ ಎದುರು ಕೈ ಚಾಚಿ ನಿಂತಳು. ಅವನ ಕೈಯಲ್ಲಿದ್ದ ಡಬ್ಬಿ ವಾಲಿ, ಅವಳ ಕಪ್ಪು ಸ್ಕೂಲ್ ಶೂ ಬೆಳ್ಳಗಾಯಿತು.

“ಗೆರೆ ಮರದ ಮೇಲೆ ಹೋಗ್ತಿಲ್ಲ ಕಣೇ. ಮರಾನೇ ಬಂದು ನನ್ನ ಕೋಣೆಯೊಳಗೆ ನಿಂತಿದೆ,” ಅಂದ ಚಿಕ್ಕಪ್ಪ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನಿಗೂ ಇಸ್ರಾಳಿಗೂ ಮದುವೆ. ಬಗ್ದಾದಿನಲ್ಲಿ ಬೇರೆ ಮನೆ ಮಾಡುವಷ್ಟು ದುಡ್ಡು ಯಾರಲ್ಲಿದೆ? ಮಗನಿಗೆ ಮದುವೆ ಅಂದರೆ ಅಂಗಳದಲ್ಲಿ ಇನ್ನೊಂದು ಕೋಣೆ ಏಳುತ್ತದೆ. ಅಂಗಳದ ಮುಂದಿನ ಮೂಲೆಯಲ್ಲಿ ಅಜ್ಜಿಯ ಹಳೇ ಬರ್ಹಿ ಜಾತಿಯ ಖರ್ಜೂರದ ಮರವಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಎಡಕ್ಕೆ ಅಪ್ಪನ ಕೋಣೆ. ಉಳಿದದ್ದು ಬಲಗಡೆಯ ತುಂಡು ನೆಲ. ಅಲ್ಲಿ ದುಹಾಳ ಮರ.

ಮೂರು ವರ್ಷದ ಮಗುವಾಗಿದ್ದಾಗ ಅವಳು ಖರ್ಜೂರ ತಿಂದು, ಬೀಜವನ್ನು ಅಲ್ಲಿ ಮಣ್ಣಿಗೆ ಚುಚ್ಚಿದ್ದಳಂತೆ. ಈಗ ಅವಳಿಗೆ ಹತ್ತು. ಮರ ಅಪ್ಪನಿಗಿಂತ ಎತ್ತರ. ಗರಿ ತುಂಬ ಮುಳ್ಳು, ಆದರೆ ಇದುವರೆಗೆ ಒಂದು ಕಾಯಿ ಬಿಟ್ಟಿಲ್ಲ.

“ಕಿತ್ತು ಬೇರೆ ಕಡೆ ನೆಡೋಣ.”

“ಅದರ ಬುಡ ನೋಡಿದ್ಯಾ? ಕ್ರೇನ್ ತರಿಸ್ಬೇಕು. ನಮ್ಮ ಗೇಟಲ್ಲಿ ಸೈಕಲ್ ನುಗ್ಗೋದೇ ಕಷ್ಟ.”

ಕಟ್ಟೆ ಮೇಲೆ ಕೂತಿದ್ದ ಅಣ್ಣ ಕರ್ರಾರ್ ಬಾಯಿ ಹಾಕಿದ. “ಬುಡದ ಮರಿ ತಂದು ನೆಟ್ಟಿದ್ರೆ ಒಳ್ಳೇ ಮರ ಆಗ್ತಿತ್ತು. ಬೀಜದಿಂದ ಹುಟ್ಟಿದ್ದು ಅಂದ್ರೆ ಲಾಟರಿ ಇದ್ದ ಹಾಗೆ, ಕಾಯಿ ಬಿಟ್ರೆ ಬಿಡ್ತು.”

“ಹಾಗಾದ್ರೆ ಅದೇನು ನೋಡು!” ದುಹಾ ಗರಿಗಳ ನಡುವೆ ಬೆರಳು ತೋರಿಸಿದಳು. ಅಲ್ಲಿ ಕಂದು ಬಣ್ಣದ ದಪ್ಪ ಮೊಗ್ಗೊಂದು ಮೂತಿ ಹೊರಗೆ ಹಾಕಿತ್ತು. ಹೊಂಬಾಳೆ! ಅದರ ಪಕ್ಕ ಇನ್ನೂ ಒಂದೆರಡು ಇಣುಕುತ್ತಿದ್ದವು.

ಚಿಕ್ಕಪ್ಪ ಡಬ್ಬಿ ಕೆಳಗಿಟ್ಟು ಮೀಸೆ ಎಳೆದುಕೊಂಡ. “ಗೊನೆ ಬಿಡೋ ಖರ್ಜೂರದ ಮರಕ್ಕೆ ಈ ಮನೇಲಿ ಯಾರೂ ಕೊಡಲಿ ಹಾಕಿಲ್ಲ. ಇದು ಕಾಯಿ ಬಿಡೋ ಮರ ಆದ್ರೆ ಗೆರೆ ಅಳಿಸ್ತೀನಿ. ತಾರಸಿ ಮೇಲೆ ಶೀಟ್ ಹಾಕ್ಕೊಂಡು ಸಂಸಾರ ಮಾಡ್ತೀನಿ.”

“ಪ್ರಾಮಿಸ್?”

“ಈ ಮೀಸೆ ಮೇಲಾಣೆ.”

ಅಲ್ಲಿಂದ ದುಹಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಲಾಸಿನಲ್ಲಿ ಪಕ್ಕ ಕೂರುವ ಗೆಳತಿಗೆ ಒಂದು ಗೊಂಚಲು, ಟೀಚರಿಗೆ ಒಂದು, ರೊಟ್ಟಿ ಅಂಗಡಿಯವನಿಗೂ ಒಂದು ಎಂದು ಬಾಯಲ್ಲೇ ಹಂಚಿಬಿಟ್ಟಳು.

“ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀತಿದೀಯಲ್ಲೇ!” ಎಂದು ಅಜ್ಜಿ ನಕ್ಕಳು. ಮನೆಯಲ್ಲಿ ಅಜ್ಜಿಯನ್ನು ಎಲ್ಲರೂ ಬೀಬಿ ಅಂತಲೇ ಕರೆಯುವುದು.

ದಿನಾ ಸಂಜೆ ದುಹಾ ಮರದ ಬುಡದಲ್ಲೇ ಕೂತು ಹೊಂಬಾಳೆ ಕಾಯುತ್ತಿದ್ದಳು. ಸುಮ್ಮನೆ ಕೂರುವ ಹುಡುಗಿಯಲ್ಲ, ಚಮಚದಿಂದ ಮಣ್ಣು ಕೆದಕುತ್ತಿದ್ದಳು. ಒಂದು ದಿನ ಚಮಚಕ್ಕೆ ಏನೋ ಗಟ್ಟಿಯಾದದ್ದು ತಗುಲಿತು. ಕೆಂಪಗೆ ಸುಟ್ಟ ಮಣ್ಣಿನ ಚೂರು. ಒಂದು ಬದಿಯೆಲ್ಲ ಮಸಿ.

“ಬೀಬಿ, ಇದೇನು? ನನ್ನ ಮರಕ್ಕಿಂತ ಮೊದಲು ಇಲ್ಲಿ ಏನಿತ್ತು?”

ಬೀಬಿ ಚೂರನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. “ಅಯ್ಯೋ, ನನ್ನ ತಂದೂರಿ ಒಲೆ! ಇನ್ನೂ ಇದ್ಯಲ್ಲೇ ಇದು!”

“ಒಲೆಗಿಂತ ಮೊದಲು?”

“ನಾನು ಮದುವೆಯಾಗಿ ಬಂದಾಗ ಇಡೀ ಅಂಗಳ ಹುಲ್ಲು. ಸಂಜೆ ನಿಮ್ಮಜ್ಜ ಪೈಪ್ ಹಿಡಿದು ನಿಂತ್ರೆ ಕತ್ತಲಾದ್ರೂ ಒಳಗೆ ಬರ್ತಿರಲಿಲ್ಲ. ಆಮೇಲೆ ಅಂಗಡೀಲಿ ಏನೂ ಸಿಗದ ಕಾಲ ಬಂತು. ಹುಲ್ಲು ಕಿತ್ತು ಬೆಂಡೆ, ಟೊಮೇಟೊ ಹಾಕಿದ್ವಿ. ಕೋಳಿ ಸಾಕಿದ್ವಿ. ಇಲ್ಲೇ ರೊಟ್ಟಿ ಸುಟ್ವಿ.”

“ಹುಲ್ಲು ಕಿತ್ತಾಗ ಅಜ್ಜ ಏನಂದ್ರು?”

“ಏನೂ ಅನ್ನಲಿಲ್ಲ. ಮಾರನೇ ಸಂಜೆ ಅದೇ ಪೈಪ್ ಹಿಡಿದು ಬೆಂಡೆಗಿಡಕ್ಕೆ ನೀರು ಬಿಡ್ತಾ ನಿಂತಿದ್ರು.”

ದುಹಾ ಅಂಗಳವನ್ನೊಮ್ಮೆ ನೋಡಿದಳು. ಅಲ್ಲಿ ಅಷ್ಟೆಲ್ಲ ಇತ್ತೇ? “ಅಪ್ಪನ ಕೋಣೆ ಇರೋ ಕಡೆ?”

“ಎರಡು ಹುಳಿಕಿತ್ತಳೆ ಮರ. ಹೂ ಬಿಟ್ರೆ ಬೀದಿಗೆಲ್ಲ ಘಮ. ಮೀನು ಸುಟ್ಟ ದಿನ ಅದರ ರಸ ಹಿಂಡ್ಕೊಂಡು ತಿಂತಿದ್ವಿ. ಅವನ್ನ ಕಡಿದ ದಿನ ನಾನು ಒಲೇನೇ ಹಚ್ಚಲಿಲ್ಲ. ಎಲ್ಲರೂ ತಂಗಳು ರೊಟ್ಟಿ ತಿಂದು ಮಲಗಿದ್ರು.”

“ಆಮೇಲೆ?”

“ಆಮೇಲೆ ಆ ಕೋಣೆಗೆ ನಿಮ್ಮಮ್ಮ ಬಂದ್ಲು. ನಿಮ್ಮಣ್ಣ ಬಂದ, ನೀನು ಬಂದೆ. ಅಳೋಕೆ ಪುರುಸೊತ್ತೆಲ್ಲಿತ್ತು?”

ಶುಕ್ರವಾರ ಬೆಳಿಗ್ಗೆ ಹೊಂಬಾಳೆ ಬಿರಿದಿತ್ತು. ಒಳಗೆ ಬೆಳ್ಳನೆಯ ಹೂವು ಒತ್ತೊತ್ತಾಗಿ ತುಂಬಿತ್ತು. ಕರ್ರಾರ್ ಮೂಗು ಹತ್ತಿರ ತಂದು ಒಂದು ಎಳೆ ಅಲ್ಲಾಡಿಸಿದ್ದೇ ತಡ, ಹಿಟ್ಟಿನಂಥ ಪರಾಗ ಹಾರಿ ಅವನ ಮುಖವೆಲ್ಲ ಬಿಳಿಯಾಯಿತು.

“ಹಿಟ್ಟು! ಗಂಡು ಮರ!” ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನೂರು ವರ್ಷ ಕಾದ್ರೂ ಒಂದೇ ಒಂದು ಕಾಯಿ ಬಿಡಲ್ಲ! ಟೀಚರಿಗೆ ಏನ್ ಕೊಡ್ತೀಯಾ ಈಗ?”

ಚಿಕ್ಕಪ್ಪ ನಗಲಿಲ್ಲ. ಅವನು ದುಹಾಳ ಮುಖವನ್ನೂ ನೋಡಲಿಲ್ಲ. ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಮರದ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಬೀಬಿ ಕೋಲೂರುತ್ತ ಬಂದಳು. ಒಂದು ಎಳೆ ಮುರಿದು ಅಂಗೈಗೆ ಕೊಡವಿ, ಮೂಸಿ ನೋಡಿದಳು.

“ಎಂಥಾ ಹಿಟ್ಟೇ ಇದು! ಹೋದ ವರ್ಷ ಪೇಟೆಯಿಂದ ತಂದ ಗಂಡು ಹೂವು ಹಳೇದು. ನನ್ನ ಬರ್ಹಿ ಬರೀ ಜೊಳ್ಳು ಕಾಯಿ ಬಿಡ್ತು. ಮೈಥಂ, ಹಗ್ಗ ತಗೊಂಡು ಬಾ. ದುಹಾ, ಏಳು, ಹೂ ಬಿಡಿಸು.”

ದುಹಾ ಕಣ್ಣೊರೆಸಿಕೊಂಡಳು. “ಹಾಗಾದ್ರೆ ನನ್ನ ಮರ ಕಡಿಯಲ್ಲ ಅಲ್ವಾ?”

ಬೀಬಿ ಅಂಗೈಯ ಹಿಟ್ಟು ಕೊಡವಿದಳು. “ಕಡೀತಾರೆ ಮಗಳೇ. ಚಿಕ್ಕಪ್ಪನಿಗೂ ಸೂರು ಬೇಕಲ್ಲ. ಆದ್ರೆ ಎಲ್ಲ ಹೊಂಬಾಳೆ ಬಿರಿಯೋ ತನಕ ಯಾರೂ ಕೊಡಲಿ ಎತ್ತಬಾರದು. ಅದು ನನ್ನ ಮಾತು.”

ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಸುತ್ತಿ ಬರ್ಹಿ ಏರಿದ. ದುಹಾ ಹೂವಿನ ಎಳೆಗಳನ್ನು ಬುಟ್ಟಿಗೆ ಹಾಕಿ ಮೇಲೆ ಕಳಿಸಿದಳು. ಅವನು ಒಂದೊಂದು ಹೆಣ್ಣು ಗೊಂಚಲಿನ ನಡುವೆ ನಾಲ್ಕಾರು ಎಳೆ ಸಿಕ್ಕಿಸಿ, ಗರಿಯ ಸೀಳಿನಿಂದ ಸಡಿಲವಾಗಿ ಕಟ್ಟಿದ.

“ಯಾಕೆ ತಲೆಕೆಳಗಾಗಿ ಇಡ್ತಿದಾನೆ?” ದುಹಾಳಿಗೆ ಕೇಳದೆ ಇರಲಾಗಲಿಲ್ಲ.

“ಹಿಟ್ಟು ಕೆಳಗೆ ಉದುರಬೇಡ್ವಾ? ಹೆಣ್ಣು ಹೂವಿಗೆ ಹಿಟ್ಟು ತಾಗಿದ್ರೇ ಕಾಯಿ ಕಟ್ಟೋದು,” ಅಂದಳು ಬೀಬಿ.

ಒಂದೊಂದೇ ಹೊಂಬಾಳೆ ಬಿರಿಯಿತು. ಪ್ರತಿ ಸಲವೂ ದುಹಾಳೇ ಹೂ ಬಿಡಿಸಿಕೊಟ್ಟಳು, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಯದು ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದಾಗ ಬಲಗಡೆ ಆಕಾಶ ಖಾಲಿಯಾಗಿತ್ತು. ಅವಳು ಬ್ಯಾಗ್ ಕೂಡ ಇಳಿಸದೆ ಬಹಳ ಹೊತ್ತು ಅಲ್ಲೇ ನಿಂತಳು. ಅವತ್ತು ಬೀಬಿ ಒಲೆ ಹಚ್ಚಲಿಲ್ಲ. ಎಲ್ಲರೂ ತಂಗಳು ರೊಟ್ಟಿ ತಿಂದರು.

ಕೋಣೆ ಎದ್ದಿತು. ಬಿಸಿಲು ಏರಿದಂತೆ ಬರ್ಹಿಯ ಗೊನೆಗಳು ತುಂಬಿಕೊಂಡು, ಹಳದಿಯಾಗಿ ಜೋತುಬಿದ್ದವು. ದುಹಾ ಮಾತು ಕೊಟ್ಟಿದ್ದವರಿಗೆಲ್ಲ ಒಂದೊಂದು ಗೊಂಚಲು ತಲುಪಿಸಿದಳು. ಮದುವೆಯೂ ಆಯಿತು.

ಮದುವೆಯ ಮಾರನೇ ವಾರ ಇಸ್ರಾ ಚಿಕ್ಕಮ್ಮ ಹೊಸ ಬಾಗಿಲಲ್ಲಿ ನಿಂತು, ಹಳದಿ ಕಾಯನ್ನು ಕಟುಂ ಎಂದು ಕಚ್ಚಿದಳು. ಕಂಕುಳಲ್ಲಿ ತವರಿಂದ ತಂದ ಮಲ್ಲಿಗೆಯ ಕುಂಡ.

“ಎಷ್ಟು ಸಿಹಿ! ನಮ್ಮನೇಲೂ ಇಂಥ ಬರ್ಹಿ ಇಲ್ಲ,” ಅಂದಳು. ಆಮೇಲೆ ದನಿ ತಗ್ಗಿಸಿದಳು. “ಇಲ್ಲಿ ನಿನ್ನ ಮರ ಇತ್ತಂತೆ. ನನ್ನ ಮೇಲೆ ಕೋಪಾನಾ?”

ದುಹಾ ಹೊಸ ಗೋಡೆ ನೋಡಿದಳು. ತಲೆ ಎತ್ತಿ ಗೊನೆಗಳನ್ನು ನೋಡಿದಳು.

“ನೀವು ತಿಂತಿರೋದು ಅದರದ್ದೂ ಹೌದು, ಚಿಕ್ಕಮ್ಮ.”

ಇಸ್ರಾಳಿಗೆ ಅದು ಅರ್ಥವಾಗಲಿಲ್ಲ. ಅವಳು ಕುಂಡವನ್ನು ಬಾಗಿಲ ಪಕ್ಕ ಇಳಿಸಿದಳು. “ಅದು ಹೇಗೆ? ಇಲ್ಲಿ ಮೊದಲು ಏನೇನಿತ್ತು, ಹೇಳು.”

ದುಹಾ ನಲ್ಲಿ ತಿರುಗಿಸಿ, ಪೈಪ್ ಎಳೆದು ತಂದು, ಮಲ್ಲಿಗೆಗೆ ನೀರು ಬಿಡುತ್ತ ನಿಂತಳು.

“ಮೊದಲು,” ಅಂದಳು, “ಇಡೀ ಅಂಗಳದಲ್ಲಿ ಹುಲ್ಲಿತ್ತು.”